ಜಾಲತಾಣಕ್ಕೂ ಬೇಕು ಮಿತವ್ಯಯ

ಜಾಲತಾಣವೆಂಬುದು ಆಕಾಶದಲ್ಲಿ ತೇಲುವ ವಸ್ತುವೆಂಬ ಭ್ರಮೆ ವಿದ್ಯಾವಂತರಲ್ಲಿಯೂ ಉಂಟು. ಅದನ್ನು ಹೊತ್ತ ಯಂತ್ರಗಳು ನೆಲದ ಮೇಲಿದ್ದು ಹಗಲಿರುಳು ವಿದ್ಯುತ್ತನ್ನು ಉಣ್ಣುತ್ತವೆ. 2024ರಲ್ಲಿ ಜಗತ್ತಿನ ವಿದ್ಯುತ್ತಿನಲ್ಲಿ ನೂರಕ್ಕೆ ಸುಮಾರು ಒಂದೂವರೆ ಪಾಲು ದತ್ತಾಂಶ ಕೇಂದ್ರಗಳಿಗೇ ಸಂದಿತೆಂದು ಅಂತಾರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜು. ಹೀಗಿರುತ್ತ, ಶರಣರ ವಚನವನ್ನು ಅಕ್ಷರರೂಪದಲ್ಲಿರಿಸದೆ ಹೂಬಳ್ಳಿಗಳ ನಡುವೆ ಚಿತ್ರವಾಗಿಸಿ ಏರಿಸುವುದು ಉಚಿತವೇ? ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಅಕ್ಷರ, ಸ್ವರಚಿಹ್ನೆ ಒಂದೊಂದಕ್ಕೂ 3 ಬೈಟು. ಅಂತಹ 300 ಕೂಡಿದ ವಚನಕ್ಕೆ 900 ಬೈಟು ಸಾಕು. ಅದರ ಚಿತ್ರವೋ, ಅನೇಕ ವೇಳೆ ಹತ್ತು ಲಕ್ಷವನ್ನು ಮೀರುತ್ತದೆ. ಮೇಲಾಗಿ ಅದರೊಳಗೆ ಪದ ಹುಡುಕುವುದೂ ಕಷ್ಟ. ಅಂಧ ವಿದ್ಯಾರ್ಥಿಗೆ ಓದಿ ಹೇಳುವ ಯಂತ್ರವೂ ತಡವರಿಸುತ್ತದೆ. ದಾಸೋಹದ ಪಂಕ್ತಿಯಲ್ಲಿ ಅಗುಳು ಚೆಲ್ಲಿದರೆ ಗದರುವ ಹಿರಿಯರಿಗೆ ಈ ಚೆಲ್ಲಾಟ ಕಾಣದಿರುವುದು ಸಹಜ, ಕಣ್ಣಿಗೆ ಬೀಳುವಂಥದಲ್ಲವಲ್ಲ! ಇನ್ನು ರಚಿಸುವ ವಚನತಾಣಗಳಾದರೂ ಅಕ್ಷರದಲ್ಲಿಯೇ ಮೂಡಲಿ. ಗುರುಗಳ ಭಾವಚಿತ್ರವೊಂದು ಅವಶ್ಯವಾಗಿ ಇರಲಿ, ಅದೂ ಕಿರಿದಾಗಿ.