ಮನುಷ್ಯರ ಮಾರಾಟಕ್ಕೆ ‘ಸಾಗಣೆ’ ಅನ್ನಬ್ಯಾಡ್ರಿ

‘ಟ್ರಾಫಿಕ್’ ಅಂದ್ರ ನಮಗೆಲ್ಲ ಗೊತ್ತಿರೋದು ಒಂದೇ: ಗಾಡಿ ಸಾಲು, ಹಾರ್ನು, ಪೊಲೀಸರ ದಂಡ. ಆದರೆ ಈ ಪದ 16ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂದಾಗ ಅದರ ಅರ್ಥ ವ್ಯಾಪಾರ. ಗಾಡಿಗಳ ಓಡಾಟ ಅನ್ನೋದು ಆಮೇಲೆ ಸೇರಿದ ಅರ್ಥ. ಕಾನೂನು ಮಾತ್ರ ಹಳೇ ಅರ್ಥ ಬಿಟ್ಟಿಲ್ಲ. ಸಂವಿಧಾನದ 23ನೇ ವಿಧಿ ನಿಷೇಧಿಸಿದ ‘ಟ್ರಾಫಿಕ್’ ಮನುಷ್ಯರ ವ್ಯಾಪಾರ.

ಇದಕ್ಕ ನಮ್ಮ ಕನ್ನಡ ಪತ್ರಿಕೆಗಳು ಏನಂತ ಬರೀತಾವ? ‘ಮಾನವ ಕಳ್ಳಸಾಗಣೆ’. ಮರಾಠಿಯವರದು ‘ತಸ್ಕರಿ’, ತೆಲುಗಿನವರದು ‘ಅಕ್ರಮ ರವಾಣಾ’, ಮಲಯಾಳದವರದು ‘ಮನುಷ್ಯಕ್ಕಡತ್ತ್’. ಎಲ್ಲರ ಕಣ್ಣೂ ಸಾಗಿಸೋದರ ಮ್ಯಾಲೇ! ಕಳ್ಳಸಾಗಣೆ ಅಂದ ಕೂಡಲೇ ತಲೆಗೆ ಬರೋದು ಚಿನ್ನ, ಗಾಂಜಾ, ಚೆಕ್‌ಪೋಸ್ಟ್. ಕದ್ದು ಗಡಿ ದಾಟಿಸಿದ್ರ ಮಾತ್ರ ಅಪರಾಧ, ಹಗಲಿನಾಗ ಟ್ರ್ಯಾಕ್ಟರ್ ಹತ್ತಿಸಿಕೊಂಡು ಹೋದ್ರ ಏನೂ ಅಲ್ಲ ಅಂತ ತಿಳಕೊಳ್ತೀವಿ. ಸಂತೆಗೂ ದವಾಖಾನೆಗೂ ಗಡಿ ದಾಟೋ ನಮ್ಮಂಥವರಿಗೆ ಈ ಪದ ದೊಡ್ಡ ಮೋಸ.

ಕಾನೂನು ಏನು ಹೇಳ್ತೈತಿ ನೋಡ್ರಿ. ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಮಿನ ಪ್ರಕಾರ, ಶೋಷಣೆಗಾಗಿ ಬೆದರಿಸಿ, ಮೋಸ ಮಾಡಿ ಅಥವಾ ಆಮಿಷ ತೋರಿಸಿ ಮನುಷ್ಯರನ್ನು ಸೇರಿಸಿಕೊಳ್ಳೋದು, ಸಾಗಿಸೋದು, ಇಟ್ಟುಕೊಳ್ಳೋದು, ಇನ್ನೊಬ್ಬರಿಗೆ ಒಪ್ಪಿಸೋದು, ಪಡಕೊಳ್ಳೋದು, ಐದೂ ಅಪರಾಧ. ಸಾಗಿಸೋದು ಐದರಾಗ ಒಂದು ಅಷ್ಟೇ. ಸಿಕ್ಕಿಬಿದ್ದವರು ‘ಒಪ್ಪಿದ್ರು’ ಅನ್ನೋ ಸಬೂಬಿಗೂ ಬೆಲೆ ಇಲ್ಲ.

ಈಗ ನಮ್ಮ ಜತ್ತ, ಅಕ್ಕಲಕೋಟ ಕಡೆ ಬರೋಣ. ಕಬ್ಬಿನ ಹಂಗಾಮು ಶುರುವಾದ್ರ ಗಂಡ-ಹೆಂಡತಿ ಜೋಡಿಗೆ ಮುಂಗಡ ಕೊಡ್ತಾರ. ಆ ಜೋಡಿಗೆ ಲೆಕ್ಕದಾಗ ಇರೋ ಹೆಸರು ‘ಒಂದು ಕೊಯ್ತಾ’. ಕೊಯ್ತಾ ಅಂದ್ರ ಕುಡುಗೋಲು. ಇಬ್ಬರು ಮನುಷ್ಯರು ಸೇರಿ ಒಂದು ಕುಡುಗೋಲು! ಕಬ್ಬಿನ ಟ್ರ್ಯಾಕ್ಟರಿನಿಂದ ರಸ್ತೆ ಬಂದ್ ಆದ್ರ ‘ಟ್ರಾಫಿಕ್’ ಅಂತ ಬೈತೀವಿ. ಆ ಕಬ್ಬು ಕಡಿದವರ ಲೆಕ್ಕ ಚುಕ್ತಾ ಆತೋ ಇಲ್ಲೋ ಅಂತ ಕೇಳ್ತೀವೇನು?

‘ಹಂಗಾದ್ರ ಮುಂಗಡ ಕೊಡೋ ಮುಕಾದಮರೆಲ್ಲ ಅಪರಾಧಿಗಳೇನು?’ ಅಂತ ಕೇಳಬಹುದು. ಅಲ್ಲ. ಬ್ಯಾಂಕಿನಾಗ ಕುಂತು ನಾವೂ ಸಾಲ ಕೊಡ್ತೀವಿ. ಆದ್ರ ಸಾಲಗಾರನ ಕೈಯಾಗ ಕಾಗದ ಇರ್ತೈತಿ, ಬಡ್ಡಿ ದರ ಬರೆದಿರ್ತೈತಿ, ಕಂತು ತಪ್ಪಿದ್ರ ಅವನ ಹೆಂಡತೀನ ಕೂಡಿಹಾಕೋಹಂಗಿಲ್ಲ. ಲೆಕ್ಕ ತೋರಿಸದೆ, ‘ಮುಂಗಡ ಮುಟ್ಟೋತನಕ ಊರಿಗೆ ಹೋಗೋಹಂಗಿಲ್ಲ’ ಅಂದ್ರ ಅದು ಜೀತ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಅಂಥ ಜೀತದ ಸಾಲವನ್ನೇ ಅಳಿಸಿ ಹಾಕಿದೆ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸೋದೂ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ ಅಂತ ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ.

ಅದಕ್ಕ ಗೆಳೆಯರೇ, ‘ಮಾನವ ಕಳ್ಳಸಾಗಣೆ’ ಅನ್ನೋದನ್ನ ಬಿಡ್ರಿ. ‘ಮನುಷ್ಯರ ಮಾರಾಟ’ ಅಂತ ಬರೀರಿ, ಊರಾಗ ಹಂಗೇ ಹೇಳ್ರಿ. ನಿಮ್ಮವರು ಯಾರಾದ್ರೂ ಸಿಕ್ಕಿಬಿದ್ದಾಗ ಠಾಣೆಯವರು ‘ಅದು ಬ್ಯಾರೆ ರಾಜ್ಯದಾಗ ನಡೆದದ್ದು, ಅಲ್ಲೇ ಹೋಗ್ರಿ’ ಅಂದ್ರ ಎದ್ದು ಬರಬ್ಯಾಡ್ರಿ. ಅಪರಾಧ ಎಲ್ಲೇ ನಡೆದಿರಲಿ, ದೂರು ಬರಕೊಳ್ಳಬೇಕು ಅಂತ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಾಗ ಐತಿ. ಕಲಮಿನ ನಂಬರು ಹೇಳ್ರಿ, ದೂರಿನ ಪ್ರತಿ ಇಸ್ಕೊಂಡೇ ಬರ್ರಿ.