ಬೆಂಗಳೂರಿಗೆ ಯಾವಾಗ ಹೊಂಟಿ?

ಪಿಎಚ್.ಡಿ.ಯ ನಾಲ್ಕನೇ ವರ್ಷಕ್ಕೆ ಬಂದವರನ್ನು ನಮ್ಮ ಆಲಮೇಲದಲ್ಲಿ ಯಾರೂ ‘ಪ್ರಬಂಧ ಎಲ್ಲಿಗೆ ಬಂತು’ ಎಂದು ಕೇಳುವುದಿಲ್ಲ. ‘ಬೆಂಗಳೂರಿಗೆ ಯಾವಾಗ ಹೊಂಟಿ?’ ಎಂದು ಕೇಳುತ್ತಾರೆ. ಕಿರಾಣಿ ಅಂಗಡಿಯಲ್ಲಿ, ಹಿಟ್ಟಿನ ಗಿರಣಿಯಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಅದೇ ಪ್ರಶ್ನೆ. ಹೋಗುತ್ತೀಯೋ ಇಲ್ಲವೋ ಎಂಬುದು ಪ್ರಶ್ನೆಯೇ ಅಲ್ಲ, ದಿನ ಗೊತ್ತಾಗಬೇಕಷ್ಟೆ. ನಮ್ಮೂರಿನಿಂದ ಸೊಲ್ಲಾಪುರ ನೂರು ಕಿಲೋಮೀಟರಿನ ಆಸುಪಾಸು, ಹೈದರಾಬಾದು ಮುನ್ನೂರು, ಬೆಂಗಳೂರು ಐನೂರಕ್ಕೂ ಮೀರಿ. ನಮ್ಮಜ್ಜನ ಕಾಲಕ್ಕೆ ಪೇಟೆ ಎಂದರೆ ಸೊಲ್ಲಾಪುರ, ದುಡಿಯಲು ಹೋಗುವುದೆಂದರೆ ಪುಣೆ. ಬೆಂಗಳೂರು ವಿಧಾನಸೌಧದ ಫೋಟೊ ಇರುವ ಕ್ಯಾಲೆಂಡರಿನ ಊರಾಗಿತ್ತು.

ಕಳೆದ ಸೆಪ್ಟೆಂಬರಿನಲ್ಲಿ, 2025ರ ಮಾತು, ಎಂಟು ದಿನ ಬೆಂಗಳೂರಿಗೆ ಹೋಗಿ ಬಂದೆ. ಒಂದು ಖಾಸಗಿ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕರ ಹುದ್ದೆಗೆ ಸಂದರ್ಶನವಿತ್ತು. ಜೊತೆಗೆ ಗ್ರಂಥಾಲಯದ ಕೆಲಸ. ‘ಮೊದಲು ಎಂಟು ದಿನ ಇದ್ದು ನೋಡಿ ಬಾ, ಆಮ್ಯಾಗ ಹೂಂ ಅನ್ನೂಣು’ ಎಂದು ಅಪ್ಪ ಹೇಳಿದ್ದರು. ಹಾಗಾಗಿ ಇದು ಪ್ರವಾಸವಲ್ಲ, ಬಾಡಿಗೆ ಮನೆ ನೋಡಲು ಹೋದವರ ನೋಟ. ಗೋಡೆ ತಟ್ಟಿ, ನಲ್ಲಿ ತಿರುಗಿಸಿ ನೋಡುತ್ತಾರಲ್ಲ, ಹಾಗೆ.

ಹೋಗುವ ಮುನ್ನವೇ ಬೆಂಗಳೂರಿನ ಬಗ್ಗೆ ನಾನು ಬಹಳ ಓದಿದ್ದೆ. ಕನ್ನಡದಲ್ಲಿ ಅದರ ಬಗ್ಗೆ ಎರಡೇ ಬಗೆಯ ಲೇಖನಗಳಿವೆ ಎಂದು ನನಗೆ ಅನ್ನಿಸುತ್ತದೆ. ಒಂದರಲ್ಲಿ, ಮೂವತ್ತು ವರ್ಷದ ಹಿಂದೆ ಹಳ್ಳಿ ಬಿಟ್ಟು ಬಂದು, ಈಗ ಎರಡು ಸೈಟು ಇರುವ ಹಿರಿಯರು ಊರಿನ ಹುಣಸೆಮರವನ್ನು ನೆನೆದು ಕಣ್ಣೀರು ಹಾಕುತ್ತಾರೆ. ಇನ್ನೊಂದರಲ್ಲಿ, ಇಲ್ಲಿಯೇ ಹುಟ್ಟಿದವರು ಕೆರೆ ಹೋಯಿತು, ಮರ ಹೋಯಿತು, ಬಸವನಗುಡಿಯ ಸಂಜೆ ಹೋಯಿತು ಎಂದು ಮರುಗುತ್ತಾರೆ. ಇಬ್ಬರ ದುಃಖವನ್ನೂ ನಾನು ಸುಳ್ಳೆನ್ನುವುದಿಲ್ಲ. ಆದರೆ ಇಬ್ಬರೂ ಒಳಗೆ ಕೂತು ಬರೆದವರು. ಬಾಗಿಲ ಹೊರಗೆ ಚೀಲ ಹಿಡಿದು ನಿಂತವಳಿಗೆ ಆ ಬರಹಗಳು ಏನನ್ನೂ ಹೇಳುವುದಿಲ್ಲ. ನಾನು ಬಹುಶಃ ಹೋಗಿಯೇ ಹೋಗುತ್ತೇನೆ. ಅದಕ್ಕೇ ಇದನ್ನು ಈಗ ಬರೆಯುತ್ತಿದ್ದೇನೆ. ಅಲ್ಲಿ ನೆಲೆಯೂರಿದ ಮೇಲೆ ಬರೆದರೆ ನನ್ನದೂ ಹುಣಸೆಮರದ ಲೇಖನವೇ ಆದೀತು.

ಸಿಂದಗಿಯಿಂದ ಕೆಂಪು ಬಸ್ಸು ಹತ್ತಿದೆ. ಕಂಡಕ್ಟರು ಆಧಾರ್ ನೋಡಿ ಸೊನ್ನೆ ರೂಪಾಯಿಯ ಟಿಕೇಟು ಹರಿದು ಕೊಟ್ಟರು. 2023ರ ಜೂನಿನಿಂದ ಬಂದ ಶಕ್ತಿ ಯೋಜನೆಯನ್ನು ಹೀಗಳೆಯುವವರು ಒಮ್ಮೆ ಆ ಬಸ್ಸಿನಲ್ಲಿ ಕೂತು ನೋಡಬೇಕು. ನನ್ನ ಪಕ್ಕದಲ್ಲಿದ್ದಾಕೆ ಬೆಂಗಳೂರಿನ ಕಟ್ಟಡವೊಂದರ ಕೆಲಸಕ್ಕೆ ಹೋದ ಮಗಳ ಬಾಣಂತನಕ್ಕೆ ಹೊರಟಿದ್ದರು. ಜೋಳದ ಹಿಟ್ಟು, ಶೇಂಗಾ ಹಿಂಡಿ, ಒಂದು ಡಬ್ಬಿ ತುಪ್ಪ. ಬೆಂಗಳೂರು ಹೇಗಿದೆ ಎಂದು ಕೇಳಿದೆ. ‘ಏನ್ ಹೇಳ್ಲೆವಾ, ಶೆಡ್ಡಿನಾಗ ಇರ್ತಾರ. ಬೆಂಗಳೂರ ಶೆಡ್ಡಿನ ಹೊರಗ ಅದ’ ಎಂದರು.

ಉಳಿದುಕೊಂಡದ್ದು ದಾಸರಹಳ್ಳಿಯಲ್ಲಿ, ಗೆಳತಿಯ ಕೋಣೆಯಲ್ಲಿ. ಮೊದಲ ಮೂರು ದಿನ ನಾನು ಬೆಂಗಳೂರನ್ನು ಬಯ್ಯಲು ಕಾರಣ ಹುಡುಕಿದೆ, ಸುಲಭವಾಗಿ ಸಿಕ್ಕವು. ಪಿ.ಜಿ. ನೋಡಲು ಹೋದರೆ ಮೊದಲ ಪ್ರಶ್ನೆ ‘ವೆಜ್ಜಾ, ನಾನ್ ವೆಜ್ಜಾ?’, ಎರಡನೆಯದು ‘ಬಿಜಾಪುರದ ಕಡೆಯವರಾ? ನಿಮ್ಮ ಕಡೆಯವರು ಮಾತು ಸ್ವಲ್ಪ ಜೋರು’. ಮೂವರು ಹಂಚಿಕೊಳ್ಳುವ ಕೋಣೆಗೆ ತಿಂಗಳಿಗೆ ಒಂಬತ್ತು ಸಾವಿರ, ರಾತ್ರಿ ಹತ್ತಕ್ಕೆ ಗೇಟು ಬಂದ್. ಮೆಟ್ರೊ ಟಿಕೇಟಿನ ದರ ಫೆಬ್ರುವರಿಯಲ್ಲಿ ಏರಿ, ಗರಿಷ್ಠ 60 ಇದ್ದದ್ದು 90 ಆಗಿತ್ತು. ಆದರೂ ನಿಲ್ಲಲು ಜಾಗವಿರಲಿಲ್ಲ.

ನಾಲ್ಕನೆಯ ದಿನ ರಂಗಶಂಕರಕ್ಕೆ ನಾಟಕ ನೋಡಲು ಹೋದೆ. ಏಳೂವರೆಗೆ ಬಾಗಿಲು ಹಾಕುತ್ತಾರೆ, ತಡವಾಗಿ ಬಂದವರಿಗೆ ಪ್ರವೇಶವಿಲ್ಲ. ಮುಗಿದಾಗ ಒಂಬತ್ತು ಕಳೆದಿತ್ತು. ಆಟೊ ಹಿಡಿದು ಜೆ.ಪಿ. ನಗರ ಮೆಟ್ರೊ ನಿಲ್ದಾಣಕ್ಕೆ ಬಂದು, ಹಸಿರು ಮಾರ್ಗದಲ್ಲಿ ಒಬ್ಬಳೇ ದಾಸರಹಳ್ಳಿಗೆ ಬಂದೆ. ಯಾರೂ ನನ್ನನ್ನು ನೋಡಲಿಲ್ಲ. ಯಾರ ಮಗಳು, ಇಷ್ಟೊತ್ತಿನಲ್ಲಿ ಎಲ್ಲಿಂದ, ಯಾವ ಮಂದಿ ಎಂದು ಕೇಳಲಿಲ್ಲ. ನನಗೆ ಇಪ್ಪತ್ತೆಂಟು ವರ್ಷ. ಊರಲ್ಲಿ ಸಂಜೆ ಏಳರ ಮೇಲೆ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಹತ್ತು ನಿಮಿಷ ಕೂತರೆ ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿರುತ್ತದೆ. ಆ ಮೆಟ್ರೊ ಡಬ್ಬಿಯಲ್ಲಿ ಕೂತ ನಲವತ್ತು ನಿಮಿಷಕ್ಕೆ ಏನು ಬೆಲೆ ಕಟ್ಟಬೇಕೋ ನನಗೆ ಗೊತ್ತಾಗಲಿಲ್ಲ. ಊರನ್ನು ಹಾಡಿ ಹೊಗಳುವ ನಮ್ಮ ಗಂಡಸು ಲೇಖಕರು ಈ ಲೆಕ್ಕವನ್ನು ಬಿಟ್ಟೇಬಿಡುತ್ತಾರೆ. ಹಾಗಾಗಿ ‘ಬೆಂಗಳೂರು ಬೇಡ, ನಮ್ಮೂರೇ ಸ್ವರ್ಗ’ ಎಂಬ ಮಾತು ನನ್ನಿಂದ ಬರುವುದಿಲ್ಲ.

ನನ್ನ ತಕರಾರು ಆ ನಗರದ ಮೇಲಲ್ಲ. ಅದನ್ನೊಂದೇ ನಗರ ಮಾಡಿಟ್ಟವರ ಮೇಲೆ.

ನಾನು ಸಂಶೋಧನೆ ಮಾಡುತ್ತಿರುವುದು ಭೀಮೆಯ ದಂಡೆಯ ಹೆಣ್ಣುಮಕ್ಕಳ ಹಾಡುಗಳ ಬಗ್ಗೆ. ಹಲಸಂಗಿ ಗೆಳೆಯರು ‘ಗರತಿಯ ಹಾಡು’ ತಂದದ್ದು 1931ರಲ್ಲಿ. ಮಧುರಚೆನ್ನರು, ಸಿಂಪಿ ಲಿಂಗಣ್ಣನವರು, ಧೂಲಾಸಾಹೇಬರು ಹೊಲಮನೆಗಳಲ್ಲಿ ಕೂತು ಬರೆದುಕೊಂಡ ಹಾಡುಗಳು ಅವು. ಆ ಕಾಲದ ಪತ್ರಿಕೆಗಳನ್ನು ನಾನು ನೋಡಬೇಕಿತ್ತು. ಧಾರವಾಡದಲ್ಲಿ, ವಿಜಯಪುರದಲ್ಲಿ ಅಚ್ಚಾದ ಸಂಚಿಕೆಗಳು ಅವು, ನನಗೆ ಬೇಕಾದವು ಇದ್ದದ್ದು ಮಾತ್ರ ಬೆಂಗಳೂರಿನಲ್ಲಿ. ಒಂದು ಗ್ರಂಥಾಲಯದಲ್ಲಿ ಎರಡು ದಿನ ಕಾದೆ. ಒಂದು ಸಂಪುಟ ಬೈಂಡಿಂಗಿಗೆ ಹೋಗಿತ್ತು, ಇನ್ನೊಂದರ ಫೋಟೊ ತೆಗೆಯುವಂತಿಲ್ಲ, ಕೈಯಲ್ಲಿ ಬರೆದುಕೊಳ್ಳಿ ಎಂದರು. ಬರೆದುಕೊಂಡೆ. ಹಲಸಂಗಿ ನಮ್ಮೂರಿಗೆ ಎಷ್ಟು ಹತ್ತಿರ! ಅಲ್ಲಿಯ ಹಾಡಿನ ಸುದ್ದಿ ಓದಲು ಒಂದು ರಾತ್ರಿಯ ಬಸ್ಸು, ಎಂಟು ದಿನದ ಊಟ, ಗೆಳತಿಯ ಹಾಸಿಗೆಯಲ್ಲಿ ಅರ್ಧ.

ಹಲಸಂಗಿಯವರ ಹೆಸರೆತ್ತಿದ ಕೂಡಲೇ ಕೆಲವರು ‘ನೋಡಿ, ಅವರು ಊರಲ್ಲೇ ಇದ್ದು ಮಾಡಲಿಲ್ಲವೇ? ಹಳಕಟ್ಟಿಯವರು ವಿಜಯಪುರದಲ್ಲೇ ಇದ್ದು ವಚನಗಳನ್ನು ಪ್ರಕಟಿಸಲಿಲ್ಲವೇ?’ ಎನ್ನುತ್ತಾರೆ. ಹೌದು, ಪ್ರಕಟಿಸಿದರು. ಮುದ್ರಣಾಲಯಕ್ಕಾಗಿ ಮನೆಯನ್ನೇ ಮಾರಿದರು. ಆ ತ್ಯಾಗವನ್ನು ಭಾಷಣದಲ್ಲಿ ಹೊಗಳುವವರು ಪ್ರತಿ ತಲೆಮಾರಿನಲ್ಲೂ ಒಬ್ಬರು ಮನೆ ಮಾರಲಿ ಎಂದು ಕಾಯುತ್ತಿದ್ದಾರೆಯೇ? ನಮ್ಮ ಮನೆ ಮಾರಿದರೂ ಒಂದು ಸಂಪುಟ ಬರುವಷ್ಟು ದುಡ್ಡು ಹುಟ್ಟುವುದಿಲ್ಲ, ಅದು ಬೇರೆ ಮಾತು.

ಸಂದರ್ಶನ ಆರನೆಯ ದಿನ. ನಾಲ್ವರಿದ್ದರು. ಹಳಗನ್ನಡದಿಂದ ಒಂದು ಪದ್ಯ ಕೊಟ್ಟು ವಿವರಿಸಲು ಹೇಳಿದರು, ವಿವರಿಸಿದೆ. ತಲೆದೂಗಿದರು. ಕೊನೆಗೆ ಒಬ್ಬರು ನಗುತ್ತ, ‘ವಿಷಯ ಚೆನ್ನಾಗಿದೆ. ಆದರೆ ಮಕ್ಕಳಿಗೆ ನಿಮ್ಮ ಭಾಷೆ ಅರ್ಥವಾಗಬೇಕಲ್ಲ. ಸ್ವಲ್ಪ ಶುದ್ಧ ಕನ್ನಡಕ್ಕೆ ಬದಲಾಯಿಸಿಕೊಳ್ಳುತ್ತೀರಾ?’ ಎಂದರು. ನಾನು ಆ ಕೋಣೆಯಲ್ಲಿ ಮಾತಾಡಿದ್ದು ಪುಸ್ತಕದ ಕನ್ನಡವನ್ನೇ. ಎರಡು ಕಡೆ ‘ಆಗ್ಯದ’ ಎಂದಿರಬಹುದು. ಕನ್ನಡ ಕಲಿಸುವ ಕೆಲಸಕ್ಕೆ ಕನ್ನಡ ಬಿಟ್ಟು ಬರಬೇಕೆಂದು ಹೇಳಿದ್ದು ಅವರಿಗೆ ಕೇಳಿಸಿದಂತೆ ಕಾಣಲಿಲ್ಲ. ಸಂಬಳ ಇಪ್ಪತ್ನಾಲ್ಕು ಸಾವಿರ.

ಅಂದು ವಾಪಸು ಬರುವಾಗ ಬಿ.ಎಂ.ಟಿ.ಸಿ. ಬಸ್ಸಿನ ಕಂಡಕ್ಟರು ನನ್ನ ಮಾತು ಕೇಳಿ ‘ಯಾವೂರ್ರಿ?’ ಎಂದರು. ಆಲಮೇಲ ಎಂದೆ. ‘ನಮ್ದು ಇಂಡಿರಿ. ಹದಿನಾಲ್ಕ ವರ್ಷ ಆತು. ನನ್ನ ಮಗಳು ಅವರ ಸಾಲಿಗೆ ನಾ ಹೋದ್ರ ಅಪ್ಪಾ, ನೀನು ಮಾತಾಡಬೇಡ ಅಂತಾಳ್ರಿ’ ಎಂದು ನಕ್ಕರು. ಅವರು ನಕ್ಕಿದ್ದರಿಂದ ನಾನೂ ನಗಬೇಕಾಯಿತು. ಬೆಂಗಳೂರಿನ ಬಸ್ಸು ಓಡಿಸುವವರಲ್ಲಿ, ಠಾಣೆಗಳ ಪೇದೆಗಳಲ್ಲಿ, ಕಟ್ಟಡಗಳ ಕಬ್ಬಿಣ ಕಟ್ಟುವವರಲ್ಲಿ ನಮ್ಮ ಕಡೆಯವರು ಎಷ್ಟು ಮಂದಿ ಎಂಬುದು ಅಲ್ಲಿ ಒಂದು ವಾರ ಇದ್ದವರಿಗೆ ಗೊತ್ತಾಗುತ್ತದೆ. ಆದರೆ ಸಿನಿಮಾದಲ್ಲಿ, ಹಾಸ್ಯದ ಕಾರ್ಯಕ್ರಮದಲ್ಲಿ ನಮ್ಮ ಮಾತು ನಗಿಸಲಿಕ್ಕೆ ಮಾತ್ರ ಬರುತ್ತದೆ.

ನಾನು ಅಲ್ಲಿದ್ದ ವಾರವೇ ರಸ್ತೆ ಗುಂಡಿಗಳ ಗದ್ದಲ ಎದ್ದಿತ್ತು. ಹೊರವರ್ತುಲ ರಸ್ತೆಯಿಂದ ಕಚೇರಿ ತೆಗೆಯುತ್ತೇವೆಂದು ಒಂದು ಕಂಪನಿ ಹೇಳಿದ್ದಕ್ಕೆ ಮಂತ್ರಿಗಳು ಉತ್ತರ ಕೊಟ್ಟರು, ಪಕ್ಕದ ರಾಜ್ಯದವರು ಕೈಬೀಸಿ ಕರೆದರು, ಗುಂಡಿ ಮುಚ್ಚಲು ಗಡುವು ಬಂತು. ನಾನು ಊರಿಗೆ ಮರಳಿದ ವಾರ ಭೀಮೆ ಉಕ್ಕಿತು. ಉಜನಿ ಜಲಾಶಯದಿಂದ, ಸೀನಾ ನದಿಯಿಂದ ಬಂದ ನೀರು ದೇವಣಗಾಂವದ ಕಡೆಯ ದಂಡೆಯ ಹೊಲಗಳಲ್ಲಿ ನಿಂತಿತು. ತೊಗರಿ, ಹತ್ತಿ, ಕಬ್ಬು. ನಮ್ಮ ಸೋದರಮಾವನ ಎರಡು ಎಕರೆ ತೊಗರಿ ಕೊಳೆತ ವಾಸನೆ ನಾನು ಮೂಗಿನಿಂದಲೇ ಕಂಡೆ. ಮಂತ್ರಿಗಳು ಇಲ್ಲಿಗೂ ಬಂದರು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ನಮ್ಮ ಹೊಲ ಮುಳುಗಿದರೆ ‘ಕರ್ನಾಟಕದ ಹೆಸರು ಹಾಳಾಯಿತು’ ಎಂದು ಯಾರೂ ಬರೆಯಲಿಲ್ಲ. ಗುಂಡಿಗೆ ಹಾಗೆ ಬರೆದಿದ್ದರು.

2011ರ ಜನಗಣತಿಯಂತೆ ರಾಜ್ಯದ 6.11 ಕೋಟಿ ಜನರಲ್ಲಿ ಬೆಂಗಳೂರು ನಗರ ಜಿಲ್ಲೆಯಲ್ಲಿದ್ದವರು 96 ಲಕ್ಷ. ಅಂದರೆ ಆರರಲ್ಲಿ ಐದು ಪಾಲು ಜನ ಹೊರಗಿದ್ದರು. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟು, ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ, ಅದರಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದು ಹೇಳಿತು. ಇಪ್ಪತ್ತೆರಡು ವರ್ಷದ ಮೇಲೆ, 2024ರಲ್ಲಿ, ಅದೇ ವಿಷಯ ನೋಡಲು ಗೋವಿಂದರಾವ್ ಸಮಿತಿ ನೇಮಕವಾಯಿತು.

ನಮ್ಮ ಆಲಮೇಲದ್ದಂತೂ ಇನ್ನೊಂದು ಕತೆ. ನಮ್ಮ ಬಸ್ಸು ಕಲ್ಯಾಣ ಕರ್ನಾಟಕ ಸಾರಿಗೆಯದು, ಅದರ ಕೇಂದ್ರ ಕಚೇರಿ ಕಲಬುರಗಿ. ಹೈಕೋರ್ಟಿಗೆ ಹೋಗಬೇಕಾದರೂ ಕಲಬುರಗಿ ಪೀಠ. ಕರೆಂಟು ಹುಬ್ಬಳ್ಳಿಯ ಹೆಸ್ಕಾಂ. ಕಂದಾಯ ವಿಭಾಗ ಬೆಳಗಾವಿ. ದೇವಣಗಾಂವದ ಸೇತುವೆ ದಾಟಿದರೆ ಅಫಜಲಪುರ ತಾಲ್ಲೂಕು, ಅಲ್ಲಿಯ ಹುಡುಗಿಗೆ ಸಂವಿಧಾನದ 371(ಜೆ) ಪ್ರಕಾರ ಮೀಸಲಾತಿ ಇದೆ. ಈ ದಂಡೆಯ ನನಗೆ ಇಲ್ಲ, ಯಾಕೆಂದರೆ ನಮ್ಮ ಮುತ್ತಜ್ಜ ನಿಜಾಮನ ಬದಲು ಮುಂಬಯಿ ಸರ್ಕಾರಕ್ಕೆ ಕಂದಾಯ ಕಟ್ಟಿದ್ದ. ಎರಡೂ ದಂಡೆಗೆ ಮಳೆ ಅದೇ, ಬರ ಅದೇ, ಮೊನ್ನೆಯ ನೆರೆಯೂ ಅದೇ. 2019ರಲ್ಲಿ ಅವರಿಗೆ ಕಲ್ಯಾಣ ಕರ್ನಾಟಕ ಎಂಬ ಹೆಸರು ಬಂತು, 2021ರಲ್ಲಿ ನಮಗೆ ಕಿತ್ತೂರು ಕರ್ನಾಟಕ. ನಮಗೆ ಹೆಸರು ಮಾತ್ರ ಬಂತು. ಅವರನ್ನು ನೋಡಿ ನನಗೆ ಹೊಟ್ಟೆಕಿಚ್ಚಿಲ್ಲ, ಸ್ವಲ್ಪ ಇದೆ.

ಈ ಮಾತು ಆಡಿದರೆ ಪ್ರತ್ಯೇಕ ರಾಜ್ಯ ಕೇಳುವ ಗೆಳೆಯರು ಬಂದು ಬೆನ್ನು ತಟ್ಟುತ್ತಾರೆ. ಅವರ ಜೊತೆ ನಾನಿಲ್ಲ. ಅವರು ಕೇಳುತ್ತಿರುವುದು ಇನ್ನೊಂದು ವಿಧಾನಸೌಧ, ಅದು ಆಗಲೇ ಬೆಳಗಾವಿಯಲ್ಲಿದೆ. 2012ರಲ್ಲಿ ಉದ್ಘಾಟನೆಯಾದ ಸುವರ್ಣ ವಿಧಾನಸೌಧಕ್ಕೆ ಚಳಿಗಾಲದಲ್ಲಿ ಸುಮಾರು ಹತ್ತು ದಿನ ಶಾಸಕರು ಬಂದು ಹೋಗುತ್ತಾರೆ. ಕಟ್ಟಡ ಬಂದರೆ ಅಧಿಕಾರ ಬರುವುದಿಲ್ಲ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು. ಅದೇ ಹೈಕೋರ್ಟನ್ನು ನೋಡಿ. 2008ರಲ್ಲಿ ಧಾರವಾಡಕ್ಕೆ, ಕಲಬುರಗಿಗೆ ಸಂಚಾರಿ ಪೀಠಗಳು ಬಂದವು, 2013ರಲ್ಲಿ ಕಾಯಂ ಆದವು. ಒಂದು ತುಂಡು ಹೊಲದ ವ್ಯಾಜ್ಯಕ್ಕೆ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗುತ್ತಿದ್ದ ನಮ್ಮೂರಿನ ಮುದುಕರು ಈಗ ಮುಂಜಾನೆ ಕಲಬುರಗಿಗೆ ಹೋಗಿ ಸಂಜೆ ಮನೆಗೆ ಬರುತ್ತಾರೆ. ಅದರಿಂದ ನ್ಯಾಯ ಕೆಟ್ಟಿತೆಂದು ಯಾರೂ ಹೇಳಿದ್ದು ಕೇಳಿಲ್ಲ.

ನ್ಯಾಯಾಲಯಕ್ಕೆ ಆಗುವುದು ಸಾಹಿತ್ಯಕ್ಕೆ ಯಾಕಾಗದು? ಬಯಲಾಟ ಅಕಾಡೆಮಿ ಬಾಗಲಕೋಟೆಯಲ್ಲಿದೆ, ನಡೆಯುತ್ತಿದೆ. ಸಾಹಿತ್ಯ ಅಕಾಡೆಮಿ, ನಾಟಕ ಅಕಾಡೆಮಿ, ಪುಸ್ತಕ ಪ್ರಾಧಿಕಾರ ಎಲ್ಲವೂ ಬೆಂಗಳೂರಿನಲ್ಲೇ ಇರಬೇಕೆಂದು ಯಾವ ಶಾಸನದಲ್ಲಿದೆ? ಅವುಗಳಲ್ಲಿ ಒಂದೆರಡನ್ನಾದರೂ ಕಲಬುರಗಿಗೆ, ವಿಜಯಪುರಕ್ಕೆ ಕಳಿಸಲಿ. ಹಳೆಯ ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಜಿಲ್ಲಾ ಗ್ರಂಥಾಲಯಗಳ ಕಂಪ್ಯೂಟರಿನಲ್ಲಿ ಹಾಕಲಿ, ಅದಕ್ಕೆ ಕಟ್ಟಡವೂ ಬೇಡ. ಮಜಾ ಏನೆಂದರೆ, ನಾನು ಹೋದ ತಿಂಗಳ 2ನೇ ತಾರೀಖಿನಿಂದಲೇ ಬೆಂಗಳೂರಿಗೆ ಒಂದರ ಬದಲು ಐದು ಪಾಲಿಕೆಗಳಾಗಿದ್ದವು. ಒಂದೇ ಕಚೇರಿಯಿಂದ ಅಷ್ಟು ದೊಡ್ಡ ಊರನ್ನು ಆಳಲಾಗದು, ಅಧಿಕಾರ ಜನರ ಹತ್ತಿರ ಹೋಗಬೇಕು ಎಂಬುದು ಅದಕ್ಕೆ ಕೊಟ್ಟ ಕಾರಣ. ಆ ಕಾರಣ ನೆಲಮಂಗಲದ ಟೋಲ್ ದಾಟಿದ ಕೂಡಲೇ ಯಾಕೆ ಅನ್ವಯಿಸುವುದಿಲ್ಲ?

ಬೆಂಗಳೂರಿನವರಿಗೂ ಇದು ಬೇಕಾಗಿದೆ ಎಂದು ನನಗೆ ಅನ್ನಿಸಿತು. 2024ರ ಬೇಸಿಗೆಯಲ್ಲಿ ಅಲ್ಲಿ ಕುಡಿಯುವ ನೀರಿಗೆ ಹಾಹಾಕಾರ ಎದ್ದಿತ್ತು. ಅದೇ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಬಂದು ದಿನಕ್ಕೆ ಇನ್ನೂ 77.5 ಕೋಟಿ ಲೀಟರು ಸೇರಿತು. ಸುಮಾರು ನೂರು ಕಿಲೋಮೀಟರು ದೂರದಿಂದ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಪಂಪು ಮಾಡಿದ ನೀರು. ನಾನು ಹೋದರೆ ಅದರಲ್ಲಿ ಎರಡು ಬಕೀಟು ನನಗೂ ಬೇಕು. ಹಾಗೆ ಹೋಗುವ ಪ್ರತಿಯೊಬ್ಬರನ್ನೂ ‘ಹೊರಗಿನವರು ಬಂದು ಊರು ಹಾಳಾಯಿತು’ ಎಂದು ಬಯ್ಯುವವರು, ಅವರನ್ನು ಬರದಂತೆ ತಡೆಯುವ ಒಂದೇ ಉಪಾಯವನ್ನು ಮಾತ್ರ ಕೇಳುವುದಿಲ್ಲ.

ಊರಿಗೆ ಬಂದ ದಿನ ಅವ್ವ ರೊಟ್ಟಿ ಬಡಿಯುತ್ತ ‘ಹೆಂಗದನವಾ ಬೆಂಗಳೂರ?’ ಎಂದಳು. ಚಲೋ ಅದ ಎಂದೆ. ‘ಮತ್ತ ಮುಖ ಯಾಕ ಹಂಗ?’ ಎಂದಳು. ಕಾಲೇಜಿನಿಂದ ಆಯ್ಕೆಯಾದ ಪತ್ರ ಬಂದಿದೆ. ಹದಿನೈದು ದಿನದೊಳಗೆ ಒಪ್ಪಿಗೆ ತಿಳಿಸಬೇಕಂತೆ. ಒಪ್ಪಿಗೆ ಇದೆ, ಆದರೆ ತರಗತಿಯಲ್ಲಿ ನನ್ನ ಮಾತು ನಾನು ಬಂದ ಹಾಗೇ ಇರುತ್ತದೆ ಎಂದು ಎರಡು ಸಾಲು ಬರೆದು ಕಳಿಸಿದ್ದೇನೆ. ಒಂಬತ್ತು ದಿನ ಆಯಿತು, ಉತ್ತರ ಬಂದಿಲ್ಲ.