ಎಚ್‌ಪಿ ಅಗ್ಗಕ್ಕ ಸಿಗತೈತಿ, ಟಾಯರ್ ಯಾರು ನೋಡಬೇಕು?

ಈ ಸಲದ ದೀಪಾವಳಿಗೆ ನಮ್ಮೂರು ಶಿರಗುಪ್ಪಿಗೆ ಒಂದು ಕಾರು ಬಂತು. ಎರಡೇ ಸೀಟು, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಹೋಗುವ ಗಾಡಿ, ಆರು ಸಿಲಿಂಡರ್, ಟರ್ಬೊ ಬೇರೆ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿರುವ ನಮ್ಮ ಓಣಿಯ ಹುಡುಗ ಸೆಕೆಂಡ್ ಹ್ಯಾಂಡ್ ತಗೊಂಡಿದ್ದ. ಹೊಸದಿದ್ದಾಗ ಅದರ ರೊಕ್ಕದಲ್ಲಿ ಊರಿಗೆ ಎಂಟ್ಹತ್ತು ಟ್ರ್ಯಾಕ್ಟರ್ ಬರುತ್ತಿದ್ದವು. ಹತ್ತು ವರ್ಷ ದಾಟಿದ ಮೇಲೆ ಇವನಿಗೆ ಸಿಕ್ಕಿದ್ದು ಒಂದು ಸಾಧಾರಣ ಹೊಸ ಕಾರಿನ ಬೆಲೆಗೆ. ಊರ ಹುಡುಗರೆಲ್ಲ ಸುತ್ತುವರಿದರು, ಫೋಟೊ ತೆಗೆದುಕೊಂಡರು. ನಾವೂ ತೆಗೆದುಕೊಂಡೆವು, ಸುಳ್ಳು ಯಾಕೆ ಹೇಳಬೇಕು.

"ಇನ್ನ ಐವತ್ತ ಎಚ್‌ಪಿ ಏರಸ್ತೀನಿ ಅಣ್ಣಾ. ಸ್ಟೇಜ್ ಒನ್. ಬಜೆಟ್‌ನ್ಯಾಗ ಆಗತೈತಿ" ಅಂದ.

ಪಕ್ಕದಲ್ಲಿ ಸಾರಿಗೆ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದ ಕಾಕಾ ಒಬ್ಬರು ನಿಂತಿದ್ದರು. ಅವರು ಎಂಜಿನ್ ನೋಡಲೇ ಇಲ್ಲ. ಹಿಂದಿನ ಗಾಲಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಟಾಯರಿನ ಬದಿಯ ಧೂಳು ಒರೆಸಿ, ಕನ್ನಡಕ ಏರಿಸಿ ನಾಲ್ಕು ಅಂಕಿ ಓದಿದರು: 2316. "ತಮ್ಮಾ, ಇದು 2016ನೇ ಇಸವಿದು, ಇಪ್ಪತ್ಮೂರನೇ ವಾರದ್ದು. ನಿನ್ನ ಎಚ್‌ಪಿ ಆಮ್ಯಾಲೆ. ಮೊದಲ ಇದನ್ನ ಒಗಿ."

ಟಾಯರಿನ ಹಲ್ಲು ಚೆನ್ನಾಗಿಯೇ ಇದ್ದವು. ಹಿಂದಿನ ಮಾಲೀಕರು ವಾರಕ್ಕೊಮ್ಮೆ ಹೊರತೆಗೆದ ಗಾಡಿಯಾದ್ದರಿಂದ ಸವೆದಿರಲಿಲ್ಲ. ಸವೆಯದಿದ್ದರೂ ರಬ್ಬರ್ ಮುಪ್ಪಾಗುತ್ತದೆ, ಗಡುಸಾಗುತ್ತದೆ, ಬಿಸಿಲಿಗೆ ಬದಿಯಲ್ಲಿ ಸಣ್ಣ ಬಿರುಕು ಬಿಡುತ್ತದೆ. ಒಂಬತ್ತು ವರ್ಷದ ಆ ರಬ್ಬರಿನ ಮೇಲೆ ಮುನ್ನೂರು ಎಚ್‌ಪಿ ಕೂತಿತ್ತು. ಅದರ ಮೇಲೆ ಇನ್ನೂ ಐವತ್ತು ಕೂರಿಸುವ ಮಾತು ನಡೆದಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅನ್ನುವ ಗಾದೆ ಬಡವರಿಗೆ ಹೇಳಿದ್ದು ಅಂತ ನಾವು ತಿಳಿದಿದ್ದೆವು.

ಹುಡುಗನ ಮೇಲೆ ನಮ್ಮ ತಕರಾರಿಲ್ಲ. ಆರು ಸಿಲಿಂಡರಿನ ಆಸೆ ಯಾರಿಗಿಲ್ಲ? ಆರು ಪಿಸ್ಟನ್ ಒಂದೇ ಸಾಲಿನಲ್ಲಿದ್ದರೆ ಒಂದರ ಅದುರನ್ನು ಇನ್ನೊಂದು ನುಂಗುತ್ತದೆ. ಆ ನಯ ನಾಲ್ಕು ಸಿಲಿಂಡರಿಗೆ ಬರುವುದಿಲ್ಲ. ಹುಬ್ಬಳ್ಳಿ ಸುತ್ತಿನವರಿಗೆ ಇದು ಹೊಸದೂ ಅಲ್ಲ. ಟಾಟಾದ 697 ಎಂಜಿನ್ನಿನ ಹೆಸರೇ ಆರು ಸಿಲಿಂಡರ್, 97 ಮಿಲಿಮೀಟರ್ ವ್ಯಾಸ ಅನ್ನುವುದರಿಂದ ಬಂದಿದ್ದು. ಆ ಸದ್ದು ಕೇಳುತ್ತಲೇ ಬಸ್ಸಿನಲ್ಲಿ ನಿದ್ದೆ ಮಾಡಿ ಬೆಳೆದವರು ನಾವು.

ತಕರಾರು ಇರುವುದು "ಕಡಿಮೆ ರೊಕ್ಕದಾಗ ಪವರ್" ಅಂತ ಮಾರುವವರ ಮೇಲೆ. ಅವರು ಮಾರುವುದು ಏನು ಅಂತ ಒಮ್ಮೆ ಬಿಡಿಸಿ ನೋಡಬೇಕು. ಟರ್ಬೊ ಎಂಜಿನ್ನಿಗೆ ಗಾಳಿ ಎಷ್ಟು ಒತ್ತಡದಲ್ಲಿ ಹೋಗಬೇಕು, ಪೆಟ್ರೋಲ್ ಎಷ್ಟು ಬೀಳಬೇಕು, ಕಿಡಿ ಯಾವಾಗ ಹೊಡೆಯಬೇಕು ಎನ್ನುವುದನ್ನೆಲ್ಲ ಇಸಿಯು ಎಂಬ ಕಂಪ್ಯೂಟರ್ ನಿರ್ಧರಿಸುತ್ತದೆ. ತಯಾರಕರು ಅದರಲ್ಲಿ ಒಂದಿಷ್ಟು ಜಾಗ ಬಿಟ್ಟಿರುತ್ತಾರೆ: ಎಲ್ಲೋ ಕಳಪೆ ಪೆಟ್ರೋಲ್ ಸಿಕ್ಕೀತು, ಎಲ್ಲೋ ಬಿಸಿಲು ನಲವತ್ತು ಡಿಗ್ರಿ ಇದ್ದೀತು, ಮಾಲೀಕ ಆಯಿಲ್ ಬದಲಿಸುವುದು ಮರೆತಾನು ಅಂತ. ಸ್ಟೇಜ್ ಒನ್ ಅಂದರೆ ಲ್ಯಾಪ್‌ಟಾಪ್ ಜೋಡಿಸಿ ಆ ಜಾಗವನ್ನು ತಿನ್ನುವುದು. ಹೊಸ ಶಕ್ತಿಯೇನೂ ಹುಟ್ಟುವುದಿಲ್ಲ, ಆಪತ್ತಿಗೆ ಅಂತ ಇಟ್ಟ ಗಂಟು ಬಿಚ್ಚಿದ ಹಾಗೆ.

ಅದೂ ಟರ್ಬೊ ಇದ್ದರೆ ಮಾತ್ರ. ಟರ್ಬೊ ಇಲ್ಲದ ಹಳೆಯ ಆರು ಸಿಲಿಂಡರಿಗೆ ಲ್ಯಾಪ್‌ಟಾಪ್ ಹಚ್ಚಿದರೆ ಸಿಗುವುದು ಬೆರಳೆಣಿಕೆಯ ಎಚ್‌ಪಿ. ಅದಕ್ಕೂ ಅದೇ ರೇಟು, ಅದೇ ಸ್ಟಿಕ್ಕರ್.

ಇನ್ನು ಪೆಟ್ರೋಲ್. ಯುರೋಪಿನ ಮ್ಯಾಪುಗಳು 98 ಆಕ್ಟೇನ್ ಇದೆ ಅಂತ ನಂಬಿ ಬರೆದಂಥವು. ನಮ್ಮ ಬಂಕುಗಳಲ್ಲಿ ವರ್ಷಾನುಗಟ್ಟಲೆ ಸಿಕ್ಕಿದ್ದು 91. ಈಗ ಇ20 ಬಂದ ಮೇಲೆ ಆಕ್ಟೇನ್ ಮೇಲೇರಿದೆ, ನಿಜ. ಆದರೆ ಲೀಟರ್ ಲೆಕ್ಕದಲ್ಲಿ ಎಥೆನಾಲ್‌ಗೆ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಶಕ್ತಿ ಕಡಿಮೆ. ಹತ್ತು-ಹದಿನೈದು ವರ್ಷದ ಗಾಡಿಗಳ ರಬ್ಬರ್ ಸೀಲು, ಪೈಪು ಇ20ಗೆ ಅಂತ ಮಾಡಿದವೂ ಅಲ್ಲ. ಇಂಡಿಯನ್ ಆಯಿಲ್ 2020ರ ಡಿಸೆಂಬರಿನಲ್ಲಿ 100 ಆಕ್ಟೇನಿನ ಎಕ್ಸ್‌ಪಿ100 ತಂದಿತು. ಅದು ಆಯ್ದ ನಗರಗಳ ಆಯ್ದ ಬಂಕಿನ ಮಾಲು. ಹಬ್ಬಕ್ಕೆ ಊರಿಗೆ ಬಂದವನು ಗದಗ ರಸ್ತೆಯ ಬಂಕಿನಲ್ಲಿ ಸಿಕ್ಕಿದ್ದನ್ನೇ ಹಾಕಿಸಿಕೊಳ್ಳುತ್ತಾನೆ. ಆಗ ಎಂಜಿನ್ ಒಳಗೆ ಟಕಟಕ ಶುರುವಾಗುತ್ತದೆ, ಸೆನ್ಸರ್ ಅದನ್ನು ಕೇಳಿಸಿಕೊಂಡು ಕಿಡಿಯನ್ನು ತಡಮಾಡುತ್ತದೆ, ರೊಕ್ಕ ಕೊಟ್ಟು ಕೊಂಡ ಎಚ್‌ಪಿ ಅಲ್ಲೇ ಸೋರಿಹೋಗುತ್ತದೆ. ಸೆನ್ಸರಿನ ಕಿವಿಯನ್ನೇ ಮುಚ್ಚಿಸಿದ ಮ್ಯಾಪ್ ಆಗಿದ್ದರೆ ಸೋರುವುದಿಲ್ಲ, ಪಿಸ್ಟನ್ ಒಡೆಯುತ್ತದೆ.

ಗಾಳಿ ಫಿಲ್ಟರಿನ ಕಥೆಯೂ ಇಂಥದೇ. ಬಾನೆಟ್ ಒಳಗೆ ಬಿಚ್ಚಾಗಿ ಕೂತ ಕೋನ್ ಫಿಲ್ಟರ್ ಎಳೆದುಕೊಳ್ಳುವುದು ಎಂಜಿನ್ನಿನದೇ ಬಿಸಿ ಗಾಳಿ. ಬಿಸಿ ಗಾಳಿ ತೆಳು, ತೆಳು ಗಾಳಿಗೆ ಪವರ್ ಕಡಿಮೆ. ಹೆಚ್ಚಾಗುವುದು ಸದ್ದೊಂದೇ. ಬ್ಯಾಸಿಗೆಯಲ್ಲಿ ನಮ್ಮ ಎರೆಭೂಮಿಯ ಧೂಳು ಹೇಗಿರುತ್ತದೆ ಅಂತ ಆ ಫಿಲ್ಟರ್ ಮಾಡಿದವರಿಗೆ ಏನು ಗೊತ್ತು!

ಕಾರಿನವರನ್ನಷ್ಟೇ ಬೈದರೆ ತಪ್ಪಾದೀತು. ಡೀಸೆಲ್ ಪಂಪಿನ ಸ್ಕ್ರೂ ತಿರುವಿಸಿ, ಕರಿ ಹೊಗೆ ಬಿಡಿಸಿ, "ಈಗ ಜಗ್ಗತೈತಿ ನೋಡ್ರಿ" ಅನ್ನುವ ಟ್ರ್ಯಾಕ್ಟರಿನವರು ನಮ್ಮ ಸುತ್ತ ಬೇಕಾದಷ್ಟಿದ್ದಾರೆ. ಸುಗ್ಗಿ ಮುಗಿಯುವುದರೊಳಗೆ ಹೆಡ್ ಗ್ಯಾಸ್ಕೆಟ್ ಹೋಗಿರುತ್ತದೆ.

ಹಾಗಾದರೆ ಕಡಿಮೆ ರೊಕ್ಕದಲ್ಲಿ ಇಂಥ ಕಾರನ್ನು ಚುರುಕು ಮಾಡಲು ಆಗುವುದೇ ಇಲ್ಲವೇ? ಆಗುತ್ತದೆ, ಆದರೆ ರೀಲ್ಸ್‌ನಲ್ಲಿ ಹಾಕಿಕೊಳ್ಳುವಂಥದ್ದು ಅದರಲ್ಲಿ ಏನೂ ಇರುವುದಿಲ್ಲ. ಮೊದಲು ನಾಲ್ಕೂ ಹೊಸ ಟಾಯರ್, ಒಂದೇ ಕಂಪನಿಯವು. ಆಮೇಲೆ ಬ್ರೇಕ್ ಆಯಿಲ್. ಅದು ಗಾಳಿಯಲ್ಲಿನ ತೇವ ಕುಡಿಯುತ್ತದೆ. ಹೊಸ ಡಾಟ್ 4 ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಅಂತ ಮಾನದಂಡವಿದೆ. ತೇವ ಕುಡಿದ ಆಯಿಲ್‌ಗೆ ಅದೇ ಮಾನದಂಡ ಕೇಳುವುದು ಬರೀ 155. ಜೋರಾಗಿ ಹೋಗಿ ನಾಲ್ಕು ಸಲ ಬ್ರೇಕ್ ಒತ್ತಿದರೆ ಆ ಬಿಸಿ ದಾಟಬಹುದು. ಕುದ್ದರೆ ಪೆಡಲ್ ನೆಲಕ್ಕೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಆಮೇಲೆ ಸ್ಪಾರ್ಕ್ ಪ್ಲಗ್, ಕಾಯಿಲ್, ಸೋರುವ ಗಾಳಿ ಪೈಪು, ಒಣಗಿದ ಬುಷ್, ವ್ಹೀಲ್ ಅಲೈನ್‌ಮೆಂಟ್. ಹಳೆಯ ಗಾಡಿ ಕಾರ್ಖಾನೆಯಲ್ಲಿ ಕೊಟ್ಟ ಎಚ್‌ಪಿಯಲ್ಲಿ ಒಂದು ಭಾಗವನ್ನು ಇಲ್ಲೆಲ್ಲ ಕಳಕೊಂಡಿರುತ್ತದೆ. ಅದನ್ನು ವಾಪಸ್ ತರುವುದೇ ಎಲ್ಲಕ್ಕಿಂತ ಅಗ್ಗದ ಅಪ್‌ಗ್ರೇಡ್. ಆದರೆ ಬುಷ್ ಬದಲಿಸಿದ್ದಕ್ಕೆ ಯಾರೂ ಸ್ಟಿಕ್ಕರ್ ಅಂಟಿಸುವುದಿಲ್ಲ.

ಗಂಟೆಗೆ 80ರಲ್ಲಿದ್ದ ಗಾಡಿ 120ಕ್ಕೆ ಹೋದರೆ ವೇಗ ಒಂದೂವರೆ ಪಟ್ಟು. ಬ್ರೇಕು ನುಂಗಬೇಕಾದ ಶಕ್ತಿ ಎರಡೂಕಾಲು ಪಟ್ಟು. ಸ್ಟೇಜ್ ಒನ್ ಮಾಡುವವರ ಕೊಟೇಶನ್ನಿನಲ್ಲಿ ಈ ಲೆಕ್ಕ ನಾವು ಎಲ್ಲೂ ನೋಡಿಲ್ಲ.

ಸರಕಾರಕ್ಕೂ ಎರಡು ಮಾತು ಅನ್ನಲೇಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ನಮೂದಿಸಿದ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಮಾರ್ಪಾಡಿಗೆ ಐದು ಸಾವಿರ ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಂತ ಸೇರಿತು. ಬಲು ಚೊಲೊ. ಆದರೆ ಸಿಕ್ಕಿಬೀಳುವುದು ಕಿವಿಗೆ ಕೇಳುವಂಥದ್ದು ಮಾತ್ರ. ಬುಲೆಟ್ಟಿನ ಸೈಲೆನ್ಸರ್ ಕಿತ್ತು ರೋಡ್ ರೋಲರ್ ಕೆಳಗೆ ಹಾಕಿ ಫೋಟೊ ತೆಗೆಸುತ್ತಾರೆ, ಆ ಫೋಟೊ ನಾವೇ ಕಳಿಸುತ್ತೇವೆ. ಲ್ಯಾಪ್‌ಟಾಪಿನಲ್ಲಿ ಬದಲಾದ ಇಸಿಯು ಕಣ್ಣಿಗೆ ಕಾಣುವುದಿಲ್ಲ, ನಿಂತ ಗಾಡಿಯ ಹೊಗೆ ಅಳೆಯುವ ಚೀಟಿಗೂ ದಕ್ಕುವುದಿಲ್ಲ. ಅದನ್ನು ಹುಡುಕುವುದು ಅಪಘಾತವಾದ ಮೇಲೆ ವಿಮಾ ಕಂಪನಿ, ಕ್ಲೇಮು ತಳ್ಳಿಹಾಕಲಿಕ್ಕೆ. ಇನ್ನು ಜೋರಾಗಿ ಓಡಿಸುವ ಚಟವನ್ನು ಟ್ರ್ಯಾಕಿನಲ್ಲಿ ತೀರಿಸಿಕೊಳ್ಳಿ ಅನ್ನೋಣವೆಂದರೆ, ನಮ್ಮ ಹುಡುಗರು ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈಗೋ ಕೊಯಮತ್ತೂರಿಗೋ ಹೋಗಬೇಕು. ಅವರು ಹೋಗುವುದಿಲ್ಲ. ರಾತ್ರಿ ಹನ್ನೊಂದರ ಮೇಲೆ ಗದಗ ರಸ್ತೆಯೇ ಟ್ರ್ಯಾಕ್. ಹಿಂದೆ ಕೆಂಪು ದೀಪವಿಲ್ಲದ ಟ್ರೇಲರಿನಲ್ಲಿ ಹೊಟ್ಟು ಹೇರಿಕೊಂಡು ನಮ್ಮ ರೈತ ಹೊರಡುವುದೂ ಅದೇ ಹೊತ್ತಿಗೆ, ಅದೇ ರಸ್ತೆಯಲ್ಲಿ.

ಕೊನೆಗೆ ನಮ್ಮ ಪಾಲು. ಡಿಪ್ಲೊಮಾ ಮುಗಿಸಿ ಸ್ಟ್ರಿಂಗರ್ ಆದ ದಿನದಿಂದ ಎಷ್ಟು ಅಪಘಾತದ ಸುದ್ದಿ ಕಳಿಸಿದ್ದೇವೋ ಲೆಕ್ಕವಿಲ್ಲ. ಠಾಣೆಯಲ್ಲಿ "ಅತಿ ಜೋರಿನಿಂದ ಮತ್ತು ನಿಷ್ಕಾಳಜಿತನದಿಂದ" ಅಂತ ಬರೆದಿರುತ್ತಾರೆ. ನಾವು ಅದನ್ನು "ಅತಿವೇಗವೇ ಕಾರಣ ಎನ್ನಲಾಗಿದೆ" ಮಾಡಿ ಕಳಿಸುತ್ತೇವೆ. ಆರು ಸಾಲು, ಒಂದು ನಜ್ಜುಗುಜ್ಜಾದ ಫೋಟೊ. 2021ರ ಜನವರಿ 15ರಂದು ಧಾರವಾಡ ಬೈಪಾಸಿನ ಇಟಿಗಟ್ಟಿ ಬಳಿ ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಮಹಿಳೆಯರ ಟೆಂಪೊ ಟ್ರಾವೆಲರಿಗೆ ಟಿಪ್ಪರ್ ಡಿಕ್ಕಿಯಾದಾಗ ಮಾತ್ರ ನಮ್ಮ ಮಂದಿ ರಸ್ತೆಯ ಅಗಲದ ಬಗ್ಗೆ ಬರೆದರು, ಬಿಡದೆ ಬರೆದರು. ಅಷ್ಟು ಸಾವಾದ ಮೇಲೆ ರಸ್ತೆಗೆ ಕಾರಣದ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಟಾಯರಿಗೆ ಇನ್ನೂ ಸಿಕ್ಕಿಲ್ಲ. ಗುಜರಿಯಾದ ಗಾಡಿ ಠಾಣೆಯ ಅಂಗಳದಲ್ಲೇ ನಿಂತಿರುತ್ತದೆ, ಟಾಯರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತವೆ, ಬಗ್ಗಿ ಓದಲು ಅರ್ಧ ನಿಮಿಷ ಸಾಕು. ಇಷ್ಟು ವರ್ಷದಲ್ಲಿ ನಾವು ಒಮ್ಮೆಯೂ ಬಗ್ಗಿರಲಿಲ್ಲ. ಕಾಕಾ ಬಗ್ಗಿದ ಮೇಲೆ ಎರಡು ಸಲ ಬಗ್ಗಿದ್ದೇವೆ. ಒಂದು ಗಾಡಿಯ ಟಾಯರ್ ಹನ್ನೊಂದು ವರ್ಷದ್ದು. ಆ ಸಾಲು ಸೇರಿಸಿ ಕಳಿಸಿದ್ದೆವು. ಡೆಸ್ಕಿನವರು ಜಾಗವಿಲ್ಲ ಅಂತ ಅದನ್ನೇ ತೆಗೆದರು.

ಹುಡುಗ ಹಬ್ಬ ಮುಗಿಸಿ ಬೆಂಗಳೂರಿಗೆ ಹೋದ. ಹದಿನೈದು ದಿನ ಬಿಟ್ಟು ನಾಲ್ಕು ಹೊಸ ಟಾಯರಿನ ಫೋಟೊ ವಾಟ್ಸಾಪಿನಲ್ಲಿ ಬಂತು. ಕೆಳಗೆ ಬರೆದಿದ್ದ: "ಸ್ಟೇಜ್ ಒನ್ ಮುಂದಿನ ತಿಂಗಳು." ಕಾಕಾಗೆ ತೋರಿಸಿದೆವು. ಫೋನನ್ನು ದೂರ ಹಿಡಿದು ನೋಡಿ, "ಬ್ರೇಕ್ ಎಣ್ಣಿ ಬದಲಿ ಮಾಡಿಸಿದಿ ಏನ ಅಂತ ಕೇಳ" ಅಂದರು. ಕೇಳಿದ್ದೇವೆ. ಎರಡು ನೀಲಿ ಗೆರೆ ಬಿದ್ದಿವೆ, ಉತ್ತರ ಬಂದಿಲ್ಲ.